ಸ್ಪ್ಲಿಟ್: ನಟನೆ ಇಷ್ಟು ಚೆನ್ನಾಗಿದ್ದು ಸಿನಿಮಾ ಯಾಕೆ ಸೋಲುತ್ತದೆ?

ಉರ್ವದ ಮಳೆ
ನಿನ್ನೆ ರಾತ್ರಿ ಜೋರು ಮಳೆ, ಕರೆಂಟ್ ಎರಡು ಸಲ ಹೋಗಿ ಬಂತು, ಆದರೂ ಬಿಡದೆ ನಿರ್ದೇಶಕ ಶ್ಯಾಮಲನ್ ಅವರ 'ಸ್ಪ್ಲಿಟ್' ನೋಡಿ ಮುಗಿಸಿದೆ. 2017ರಲ್ಲಿ ಥಿಯೇಟರಿಗೆ ಬಂದ ಸಿನಿಮಾ, ಹಾಗಾಗಿ ಕಥೆ ಬಿಟ್ಟುಕೊಟ್ಟೇ ಬರೆಯುತ್ತಿದ್ದೇನೆ. ಒಬ್ಬ ಮೂವರು ಹುಡುಗಿಯರನ್ನು ಹೊತ್ತುಕೊಂಡು ಹೋಗಿ ಕೂಡಿ ಹಾಕುತ್ತಾನೆ. ಅವನಿಗೆ ಮನಸ್ಸಿನ ಕಾಯಿಲೆ, ಒಬ್ಬನೊಳಗೇ 23 ಬೇರೆ ಬೇರೆ ಜನ ಇದ್ದಾರೆ, 24ನೆಯವನು ಬರಲಿಕ್ಕಿದ್ದಾನೆ. ಹುಡುಗಿಯರು ತಪ್ಪಿಸಿಕೊಳ್ಳಲು ನೋಡುತ್ತಾರೆ, ಸಿಕ್ಕಿಬೀಳುತ್ತಾರೆ, ಮತ್ತೆ ಅದೇ. ನಡುನಡುವೆ ಅವನ ಡಾಕ್ಟರಮ್ಮ ಪಾಠ ಮಾಡಿದ ಹಾಗೆ ಎಲ್ಲ ವಿವರಿಸುತ್ತಾರೆ.

ಆದರೆ ಅವನ ಪಾತ್ರ ಮಾಡಿದ ಜೇಮ್ಸ್ ಮೆಕಾವಾಯ್! ಪೆಟ್ರೀಷಿಯಾ ಎಂಬ ಹೆಂಗಸಾಗಿ ಹುಡುಗಿಯರಿಗೆ ಸ್ಯಾಂಡ್‌ವಿಚ್ ಮಾಡಿಕೊಡುವ ಒಂದು ದೃಶ್ಯ ಉಂಟು. ಮಾತೆಲ್ಲ ನಯ, ಮನೆಗೆ ಬಂದವರನ್ನು ಉಪಚರಿಸಿದ ಹಾಗೆ. ಬ್ರೆಡ್ ಕೊಯ್ಯುವಾಗ ಚಾಕು ಸ್ವಲ್ಪ ಓರೆ ಹೋಗುತ್ತದೆ. ಅಷ್ಟಕ್ಕೇ ಮುಖ ಬಿಗಿಯುತ್ತದೆ, ಒಂದು ಕ್ಷಣ ಒಳಗಿನ ಸಿಟ್ಟು ಕಾಣುತ್ತದೆ, ಆಮೇಲೆ ತಡೆದುಕೊಂಡು ಮತ್ತೆ ಅದೇ ನಯ. ನಾನು ಉಸಿರು ಹಿಡಿದು ಕೂತಿದ್ದೆ.

ನಟನೆ ಇಷ್ಟು ಚೆನ್ನಾಗಿದ್ದರೆ ಸಿನಿಮಾನೂ ಚೆನ್ನಾಗಿದೆ ಅಂತಲೇ ಲೆಕ್ಕ ಎಂದು ತಮ್ಮ ಹೇಳುತ್ತಾನೆ. ನನಗೆ ಒಪ್ಪಿಗೆ ಇಲ್ಲ, ಆದರೆ ಯಾಕೆ ಅಂತ ಸರಿಯಾಗಿ ಹೇಳಲಿಕ್ಕೂ ಬರುತ್ತಿಲ್ಲ. ನೀವು ಏನು ಹೇಳುತ್ತೀರಿ?

ಚಂಡೆಪೆಟ್ಟು
ಒಳ್ಳೆಯ ಪ್ರಶ್ನೆ ಮಾರಾಯ್ರೆ. ನಾನು ತಾಳಮದ್ದಳೆಯ, ಅಂದರೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನದ ಹುಚ್ಚಿನವನು, ಅಲ್ಲಿಂದಲೇ ಶುರು ಮಾಡುತ್ತೇನೆ. ಅಲ್ಲಿ ಬಣ್ಣ ಇಲ್ಲ, ಕಿರೀಟ ಇಲ್ಲ, ಕುಣಿತ ಇಲ್ಲ. ಪಂಚೆ ಉಟ್ಟು ಕೂತವರು ಇವತ್ತು ಕೃಷ್ಣ, ನಾಳೆ ಕೌರವ. ಎಲ್ಲ ಸ್ವರದಲ್ಲೇ ಆಗಬೇಕು, ಕೂತ ಭಂಗಿಯಲ್ಲೇ ಆಗಬೇಕು. ಮೆಕಾವಾಯ್ ಮಾಡಿದ್ದು ಅದೇ ಜಾತಿಯ ಕೆಲಸ. ಬಟ್ಟೆ ಬದಲಾಗುತ್ತದೆ ನಿಜ, ಆದರೆ ಅದೇ ಬೋಳು ತಲೆ, ಅದೇ ಮುಖ. 9 ವರ್ಷದ ಹೆಡ್ವಿಗ್ ಆದಾಗ ಇಡೀ ಮೈಯೇ ಸಣ್ಣದಾದ ಹಾಗೆ ಕಾಣುತ್ತದೆ.

ನನಗೆ ಜಾಸ್ತಿ ಹಿಡಿಸಿದ್ದು ಅವನೊಳಗಿನ ಡೆನಿಸ್ ಎಂಬವನು ಬ್ಯಾರಿ ಎಂಬ ಹೆಸರಿನ ಇನ್ನೊಬ್ಬನ ಹಾಗೆ ನಟಿಸಿಕೊಂಡು ಡಾಕ್ಟರ ಎದುರು ಕೂರುವುದು. ನಟನೆಯೊಳಗೆ ಇನ್ನೊಂದು ನಟನೆ. ಪಂಚವಟಿ ಪ್ರಸಂಗದ ಮಾಯಾ ಶೂರ್ಪನಖಿಯನ್ನು ನೆನೆಸಿಕೊಳ್ಳಿ, ಹೊರಗೆ ಚೆಲುವೆ, ಒಳಗೆ ರಕ್ಕಸಿ. ವೇಷ ಕಟ್ಟುವ ಯಕ್ಷಗಾನದ ಆಟದಲ್ಲಾದರೆ ಘೋರ ರೂಪಕ್ಕೆ ಬೇರೆಯೇ ಬಣ್ಣದ ವೇಷ ಬರುತ್ತದೆ. ಇಲ್ಲಿ ಒಬ್ಬನೇ ಎರಡನ್ನೂ ಹೊತ್ತುಕೊಂಡು ಸುಮ್ನೆ ಕೂತಿರಬೇಕು.

ನಿಮ್ಮ ತಮ್ಮನ ಮಾತು ತಾಳಮದ್ದಳೆಗೆ ಸರಿ. ಪ್ರಸಂಗ ಸಪ್ಪೆ ಇದ್ದರೂ ಒಳ್ಳೆಯ ಅರ್ಥಧಾರಿ, ಅಂದರೆ ಪಾತ್ರದ ಮಾತು ಆಡುವವನು, ಅದನ್ನು ಎತ್ತಬಲ್ಲ, ಯಾಕೆಂದರೆ ಹಾಡುವ ಭಾಗವತರು ಪದ ಹೇಳಿ ಬಿಟ್ಟ ಮೇಲೆ ಮಾತು ಅವನದೇ, ಎಲ್ಲಿ ಬೆಳೆಸಬೇಕು ಎಲ್ಲಿ ಬಿಡಬೇಕು ಎಂಬುದೂ ಅವನದೇ. ಸಿನಿಮಾ ನಟನಿಗೆ ಆ ದಾರಿ ಇಲ್ಲ. ಮಾತು ಬರೆದು ಕೊಟ್ಟದ್ದು, ಮುಂದಿನ ದೃಶ್ಯ ಯಾವುದು ಎಂದು ತೀರ್ಮಾನಿಸುವವರು ಬೇರೆಯವರು.

ಮಣಿಪಾಲ ನೈಟ್ ಡ್ಯೂಟಿ
ನಾನು ಮನೋರೋಗ ವಾರ್ಡಿನಲ್ಲಿ ನರ್ಸ್. ಈ ಸಿನಿಮಾ ನೋಡಿ ತುಂಬ ಬೇಜಾರಾಗಿತ್ತು. ಈ ಕಾಯಿಲೆಗೆ ಮೊದಲು ಮಲ್ಟಿಪಲ್ ಪರ್ಸನಾಲಿಟಿ ಅಂತ ಹೆಸರಿತ್ತು, ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ 1994ರಲ್ಲಿ ಡಿಸೋಸಿಯೇಟಿವ್ ಐಡೆಂಟಿಟಿ ಡಿಸಾರ್ಡರ್ ಎಂದು ಬದಲಾಯಿತು. ಹೆಚ್ಚಿನವರ ಹಿಂದೆ ಚಿಕ್ಕಂದಿನಲ್ಲಿ ಅನುಭವಿಸಿದ ಹಿಂಸೆ ಇರುತ್ತದೆ. ಇವರು ಬೇರೆಯವರಿಗೆ ಕೆಡುಕು ಮಾಡುವುದಕ್ಕಿಂತ ತಮಗೇ ಮಾಡಿಕೊಳ್ಳುವ ಭಯ ಜಾಸ್ತಿ. ಅಂಥವರನ್ನು ಗೋಡೆ ಹತ್ತುವ ಮೃಗ ಮಾಡಿ ತೋರಿಸಿದರೆ, ಮೊದಲೇ ಹೆದರಿ ಬರುವ ಮನೆಯವರು ಇನ್ನೂ ಹೆದರುತ್ತಾರೆ.

ಆದರೂ ಒಂದು ಜಾಗದಲ್ಲಿ ಅತ್ತೆ. ಆ ಹುಡುಗಿಯರಲ್ಲಿ ಒಬ್ಬಳಾದ ಕೇಸಿ ಪೂರ್ತಿ ಹೆಸರು ಹಿಡಿದು ಕರೆದಾಗ ಅವನೊಳಗಿನ ಮೂಲ ವ್ಯಕ್ತಿ, ನಿಜವಾದ ಕೆವಿನ್ ಎಚ್ಚರವಾಗುತ್ತಾನೆ. ಬಸ್ಸಿನಲ್ಲಿ ಇದ್ದದ್ದೇ ಅವನಿಗೆ ಕೊನೆಯ ನೆನಪು. ನಾನು ಏನು ಮಾಡಿದೆ ಅಂತ ಕೇಳುವಾಗ ಆ ಕಣ್ಣು ನೋಡಿ. ಸಿನಿಮಾ ಅವನನ್ನು ರಾಕ್ಷಸ ಮಾಡಲು ಹೊರಟಿತ್ತು, ಮೆಕಾವಾಯ್ ಒಬ್ಬರೇ ಅವನನ್ನು ಮನುಷ್ಯ ಅಂತ ನೋಡಿದ್ದಾರೆ.

ಕಂಕನಾಡಿ ಪ್ಯಾಸೆಂಜರ್
ನನ್ನ ಎರಡು ಮಾತು. ಶ್ಯಾಮಲನ್ ಹುಟ್ಟಿದ್ದು ನಮ್ಮ ಹತ್ತಿರದ ಮಾಹೆಯಲ್ಲಿ, ಮಂಗಳೂರಿನಿಂದ ರೈಲು ಹತ್ತಿದರೆ ತಲಶ್ಶೇರಿ ದಾಟಿ ಸಿಗುತ್ತದೆ. ಆ ಅಭಿಮಾನದಿಂದಲೇ ನೋಡಿದ್ದೆ. ಆದರೆ ಕೊನೆಯ ದೃಶ್ಯ ಅರ್ಥ ಆಗಬೇಕಾದರೆ 2000ದಲ್ಲಿ ಬಂದ ಅವರದೇ 'ಅನ್‌ಬ್ರೇಕಬಲ್' ನೋಡಿರಬೇಕು. ನಾನು ನೋಡಿರಲಿಲ್ಲ, ಅದರ ನಾಯಕ ಬ್ರೂಸ್ ವಿಲ್ಲಿಸ್ ಇಲ್ಲಿ ಯಾಕೆ ಬಂದರು ಅಂತಲೇ ಗೊತ್ತಾಗಲಿಲ್ಲ. ಕಥೆ ತನ್ನ ಕಾಲ ಮೇಲೆ ನಿಲ್ಲಬೇಕು, ಅಲ್ವಾ?

ಉರ್ವದ ಮಳೆ
ಚಂಡೆಪೆಟ್ಟು ಅವರೇ, ಮಾತು ಯಾರದು ಎಂಬುದನ್ನು ನಾನು ಯೋಚಿಸಿಯೇ ಇರಲಿಲ್ಲ, ತಮ್ಮನಿಗೆ ಓದಿ ಹೇಳಿದೆ. ಅವನು ತಕ್ಷಣ ಒಪ್ಪಲಿಲ್ಲ, ಮಾಯಾ ಶೂರ್ಪನಖಿಯ ಮಾತು ಬಂದಾಗ ಸುಮ್ಮನಾದ. ನರ್ಸ್ ಅಕ್ಕ, ನೀವು ಹೇಳಿದ ಬಸ್ಸಿನ ಮಾತು ನನ್ನ ಕಿವಿಗೆ ಬಿದ್ದೇ ಇರಲಿಲ್ಲ, ಬಹುಶಃ ಮಳೆಯ ಸದ್ದಿಗೆ. ಇವತ್ತು ಇಯರ್‌ಫೋನ್ ಹಾಕಿ ಆ ಭಾಗ ಮಾತ್ರ ಮತ್ತೆ ನೋಡುತ್ತೇನೆ.