ಅಪ್‌ಡೇಟ್: ಎಸ್‌ಎಸ್‌ಡಿ ಕ್ಯಾಶ್ ಇದ್ದರೂ ರೈಟ್ ನಿಧಾನ, ಕೊನೆಗೂ ಬಗೆಹರಿಯಿತು

ನಿಧಾನವಾದ ಹಾರ್ಡ್ ಡಿಸ್ಕಿಗೆ ವೇಗದ ಎಸ್‌ಎಸ್‌ಡಿಯನ್ನು ಕ್ಯಾಶ್ (ತಾತ್ಕಾಲಿಕ ಸಂಗ್ರಹ) ಆಗಿ ಜೋಡಿಸುವ ಲಿನಕ್ಸ್ ಸೌಲಭ್ಯ ಬಿಕ್ಯಾಶ್. ಅದರ ಮೂಲಕ ಎಸ್‌ಎಸ್‌ಡಿ ಜೋಡಿಸಿದ ಮೇಲೂ ದತ್ತಾಂಶ ಬರೆಯುವ (ರೈಟ್) ವೇಗ ಹಾರ್ಡ್ ಡಿಸ್ಕಿನಷ್ಟೇ ಇದೆಯೆಂದು ಹಿಂದೊಮ್ಮೆ ಇಲ್ಲಿ ಕೇಳಿದ್ದೆ, ಅದು ಬಗೆಹರಿದಿದೆ. ಡಿಸ್ಕಿನ ಕೆಲಸಗಳ ಸರದಿ ನಿರ್ಧರಿಸುವ ಶೆಡ್ಯೂಲರ್ ಬದಲಿಸಿ ಎಂದು ಬಂದ ಸಲಹೆಯಿಂದ ವ್ಯತ್ಯಾಸವೇನೂ ಆಗಲಿಲ್ಲ. ಕ್ಯಾಶ್ ಮೋಡ್ ನೋಡಿ ಎಂದವರ ಮಾತೇ ಸರಿ: ಬಿಕ್ಯಾಶ್ ಮೂಲತಃ ರೈಟ್‌ಥ್ರೂನಲ್ಲಿರುವುದರಿಂದ, ದತ್ತಾಂಶ ಹಾರ್ಡ್ ಡಿಸ್ಕನ್ನೂ ತಲುಪುವವರೆಗೆ ಪ್ರತಿ ರೈಟ್ ಕಾಯುತ್ತಿತ್ತು, ಮೊದಲು ಎಸ್‌ಎಸ್‌ಡಿಗೆ ಬರೆದು ಆಮೇಲೆ ಹಾರ್ಡ್ ಡಿಸ್ಕಿಗೆ ಇಳಿಸುವ ರೈಟ್‌ಬ್ಯಾಕ್‌ಗೆ ಬದಲಿಸಿದೊಡನೆ ಡೇಟಾಬೇಸ್‌ನ ಸಣ್ಣ ರೈಟ್‌ಗಳು ಚುರುಕಾದವು. ದೊಡ್ಡ ವಿಡಿಯೊ ಕಡತಗಳು ಮಾತ್ರ ಹಾಗೆಯೇ ತೆವಳುತ್ತಿದ್ದವು. ಅಚ್ಚರಿಯೆಂದರೆ, 4 ಎಂಬಿ ದಾಟಿದ ಅನುಕ್ರಮ (ಸಾಲಾಗಿ ಒಂದೇ ಸಮನೆ ಬರುವ) ರೈಟ್‌ಗಳನ್ನು ಬಿಕ್ಯಾಶ್ ಬೇಕೆಂದೇ ಎಸ್‌ಎಸ್‌ಡಿಗೆ ಹಾಕದೆ ನೇರವಾಗಿ ಹಾರ್ಡ್ ಡಿಸ್ಕಿಗೆ ಕಳಿಸುತ್ತದೆ. ಈ ಮಿತಿಯನ್ನು ಹೇಳುವ ಸೀಕ್ವೆನ್ಶಿಯಲ್ ಕಟಾಫ್ ಅನ್ನು 0 (ಅಂದರೆ ಮಿತಿಯೇ ಇಲ್ಲದಂತೆ) ಮಾಡಿದ ಮೇಲೆ ಅವೂ ಸರಿಹೋದವು. ರೀಬೂಟ್ ಆದಾಗ ಈ ಮೌಲ್ಯ ಮೊದಲಿನಂತಾಗುವುದರಿಂದ ಸಾಧನ ಕಂಡೊಡನೆ ಸೆಟ್ಟಿಂಗ್ ಅನ್ನು ತಾನೇ ಹಾಕುವ ಯೂಡೆವ್ ನಿಯಮವೊಂದನ್ನು ಬರೆದಿಟ್ಟಿದ್ದೇನೆ. ರೈಟ್‌ಬ್ಯಾಕ್‌ನಲ್ಲಿರುವಾಗ ಎಸ್‌ಎಸ್‌ಡಿ ಕೆಟ್ಟರೆ, ಹಾರ್ಡ್ ಡಿಸ್ಕಿಗೆ ಇನ್ನೂ ಇಳಿಯದ ದತ್ತಾಂಶ ಹೋಯಿತೆಂದೇ ಲೆಕ್ಕ. ಬ್ಯಾಕಪ್ ಇಲ್ಲದವರು ಇದಕ್ಕೆ ಕೈಹಾಕದಿರುವುದು ಒಳ್ಳೆಯದು.