ಆಲ್ಫಾ 7 ಮಾರ್ಕ್ 3: ನಲ್ವತ್ತು ಫೋಟೋ ಆದ ಮೇಲೆ ಕೆಂಪು ಲೈಟು ಆರುದೇ ಇಲ್ಲ

ಪೆರ್ಲದವ
ಎಲ್ಲರಿಗೂ ನಮಸ್ಕಾರ. ಎರಡು ತಿಂಗಳ ಹಿಂದೆ ಸೆಕೆಂಡ್ ಹ್ಯಾಂಡ್ ಸೋನಿ ಆಲ್ಫಾ 7 ಮಾರ್ಕ್ 3 ಕ್ಯಾಮೆರಾ ತೆಗೊಂಡೆ. ಮೊದಲು ಇದ್ದದ್ದು ನಿಕಾನ್ ಡಿ7200. ಅದರಲ್ಲೂ ಎರಡು ಕಾರ್ಡು ಹಾಕಿ ಬ್ಯಾಕಪ್ ಇಟ್ಟೇ ತೆಗೀತಿದ್ದೆ, ಎಂತ ತಲೆಬಿಸಿ ಇರಲಿಲ್ಲ.

ಮೊನ್ನೆ ಬದಿಯಡ್ಕ ಹತ್ತಿರ ಒಂದು ಹರಕೆ ಆಟ, ಯಕ್ಷಗಾನ. ಮಹಿಷಾಸುರನ ಪ್ರವೇಶಕ್ಕೆ ಅಂತ ಊಟ ಬಿಟ್ಟು ಜಾಗ ಹಿಡ್ಕೊಂಡು ಕೂತಿದ್ದೆ. ಗದ್ದೆಯ ಆಚೆ ಬದಿಯಿಂದ ದೊಂದಿ ಬಂತು, ರಾಳದ ಪುಡಿಯ ಬೆಂಕಿ ಹಾರಿತು, ಬಟನ್ ಒತ್ತಿ ಹಿಡಿದೆ. ನಾಲ್ಕು ಸೆಕೆಂಡು ಚಂದಕ್ಕೆ ಹೋಯ್ತು. ಆಮೇಲೆ ಟಕ್... ಟಕ್... ಅಂತ ಕುಂಟ್ಲಿಕ್ಕೆ ಶುರು. ಕಾರ್ಡಿಗೆ ಬರೆಯುವಾಗ ಉರಿಯುವ ಬೆನ್ನಿನ ಕೆಂಪು ಲೈಟು ಆರುವಾಗ ಒಂದೂವರೆ ನಿಮಿಷ. ಅಷ್ಟರಲ್ಲಿ ಮಹಿಷಾಸುರ ನನ್ನ ಹೆಗಲಿಗೆ ತಾಗುವ ಹಾಗೆ ದಾಟಿ ರಂಗಸ್ಥಳ ಹತ್ತಿ ಆಗಿತ್ತು.

ಸೆಟ್ಟಿಂಗ್: ಅನ್‌ಕಂಪ್ರೆಸ್ಡ್ ರಾ (ಕುಗ್ಗಿಸದ ಕಚ್ಚಾ ಫೈಲು), ಎರಡೂ ಕಾರ್ಡಿಗೆ ಒಟ್ಟಿಗೆ ಬರೆಯುವ ಮೋಡ್. ಹೊಸ ಯುಎಚ್‌ಎಸ್-2 (ಹೆಚ್ಚು ವೇಗದ ಜಾತಿ) ಕಾರ್ಡು ಒಂದನೇ ಸ್ಲಾಟಿನಲ್ಲಿ, ನಿಕಾನಿನಲ್ಲಿ ಇದ್ದ ಹಳೇ ಕಾರ್ಡು ಎರಡನೆಯದ್ದರಲ್ಲಿ. ಹೊಸತಕ್ಕೆ ಕೊಟ್ಟ ದುಡ್ಡು ನೋಡಿದ್ರೆ ಹೊಟ್ಟೆ ಉರೀತದೆ. ಡೂಪ್ಲಿಕೇಟ್ ಸಿಕ್ಕಿತಾ ಎಂತ?

ಕುಂಬಳೆ ಚೆಂಡೆ
ಒಂದನೇ ಸ್ಲಾಟು ಅಂದ್ರೆ ಯಾವುದು, ಮೇಲಿನದ್ದಾ ಕೆಳಗಿನದ್ದಾ?

ಪೆರ್ಲದವ
ಮೇಲಿನದ್ದು. ಮೇಲಿಂದ ಅಲ್ವಾ ಎಣಿಸುದು?

ಕುಂಬಳೆ ಚೆಂಡೆ
ಸಿಕ್ಕಿತು ನೋಡಿ! ಇದರಲ್ಲಿ ಕೆಳಗಿನದ್ದೇ 1, ಮೇಲಿನದ್ದು 2. ಯುಎಚ್‌ಎಸ್-2 ಇರುದು ಕೆಳಗಿನದ್ದಕ್ಕೆ ಮಾತ್ರ. ನಿಮ್ಮ ಹೊಸ ಕಾರ್ಡು ಮಗುಚಿ ನೋಡಿ, ಚಿನ್ನದ ಬಣ್ಣದ ಪಟ್ಟಿ ಎರಡು ಸಾಲು ಇರ್ತದೆ. ಮೇಲಿನ ಸ್ಲಾಟಿಗೆ ಬೇಕಾದ್ದು ಒಂದೇ ಸಾಲು, ಎರಡನೇ ಸಾಲು ಅಲ್ಲಿ ಸುಮ್ಮನೆ. ಕಾರ್ಡು ಅದಲು ಬದಲು ಮಾಡಿ, ಸರಿಯಾಗ್ತದೆ.

ಪೆರ್ಲದವ
ಮಾಡಿದೆ ಮಾರಾಯ್ರೆ. ಜಗಲಿಯಲ್ಲಿ ನಿಂತು ಅಂಗಳದ ಅಡಿಕೆಯನ್ನೇ ಮಹಿಷಾಸುರ ಅಂತ ತಿಳ್ಕೊಂಡು 40 ಹೊಡೆದೆ. ಗಡಿಯಾರ ಹಿಡ್ಕೊಂಡು ನೋಡಿದೆ, 88 ಸೆಕೆಂಡು. ಮೊದಲಿನ ಹಾಗೇ ಉಂಟು.

ನೀರ್ಚಾಲು ಮಾಷ್ಟ್ರು
ಚೆಂಡೆಯವರು ಹೇಳಿದ್ದು ಸರಿಯೇ, ಕಾರ್ಡು ಈಗ ಇರುವಲ್ಲೇ ಇರಲಿ. ಆದರೆ ನಿಮ್ಮ ರೋಗ ಅದಲ್ಲ. ಒಂದು ಲೆಕ್ಕ ಮಾಡುವ. ಈ ಕ್ಯಾಮೆರಾದ ಅನ್‌ಕಂಪ್ರೆಸ್ಡ್ ರಾ ಫೈಲು ಒಂದಕ್ಕೆ ಸುಮಾರು 47 ಎಂಬಿ. ನಲ್ವತ್ತಕ್ಕೆ 1880. ಅದನ್ನು 88 ಸೆಕೆಂಡಿಗೆ ಹಂಚಿದರೆ ಸೆಕೆಂಡಿಗೆ 21 ಎಂಬಿ ಚಿಲ್ಲರೆ. ಇದು ಹೊಸ ಕಾರ್ಡಿನ ವೇಗ ಆಗಿರಲಿಕ್ಕಿಲ್ಲ. ಹಳೆಯದ್ದರ ಮುಖ ನೋಡಿ, ಇಂಗ್ಲಿಷಿನ ಸಿ ಅಕ್ಷರದ ಹೊಟ್ಟೆಯೊಳಗೆ 10 ಅಂತ ಮಾತ್ರ ಉಂಟಾ? ಹಾಗಿದ್ದರೆ ಅದರ ಭರವಸೆಯೇ ಸೆಕೆಂಡಿಗೆ 10 ಎಂಬಿ. ಪಾಪ, ಇಮ್ಮಡಿ ದುಡಿಯುತ್ತಾ ಉಂಟು.

ಎರಡೂ ಕಾರ್ಡಿಗೆ ಒಟ್ಟಿಗೆ ಬರೆಯುವಾಗ ಒಂದು ಫೈಲು ಎರಡರಲ್ಲೂ ಪೂರ್ತಿ ಇಳಿಯುವ ವರೆಗೆ ಬಫರಿನಲ್ಲಿ, ಅಂದರೆ ಫೋಟೋ ಕಾರ್ಡಿಗೆ ಇಳಿಯುವ ಮೊದಲು ಕಾಯುವ ಕ್ಯಾಮೆರಾದ ಒಳಗಿನ ಮೆಮೊರಿಯಲ್ಲಿ, ಅದರ ಜಾಗ ಖಾಲಿಯಾಗುವುದಿಲ್ಲ. ದಿಬ್ಬಣದ ಬಸ್ಸಿನ ಹಾಗೆ, ಅಜ್ಜಿ ಹತ್ತಿ ಕೂರುವ ವರೆಗೆ ಹೊರಡಲಿಕ್ಕಿಲ್ಲ. ಅಜ್ಜಿಯನ್ನು ಮುಂದಿನ ಬಾಗಿಲಿನಿಂದ ಹತ್ತಿಸಿದರೂ ಹಿಂದಿನದ್ದರಿಂದ ಹತ್ತಿಸಿದರೂ ಹೊತ್ತು ಅಷ್ಟೇ. ಅದಕ್ಕೇ ಅದಲು ಬದಲು ಮಾಡಿದ್ದು ತಾಗಲಿಲ್ಲ. ಅನ್‌ಕಂಪ್ರೆಸ್ಡ್ ರಾದಲ್ಲಿ ಇದರ ಬಫರ್ ಹಿಡಿಯುವುದು ಸುಮಾರು 40. ಸೆಕೆಂಡಿಗೆ 10ರಂತೆ ನಾಲ್ಕೇ ಸೆಕೆಂಡು. ಡಿ7200 ಸೆಕೆಂಡಿಗೆ 6 ತೆಗೆಯುವ ಕ್ಯಾಮೆರಾ, ಫೈಲೂ ಸಣ್ಣದು. ಅಲ್ಲಿ ನೀವು ಹೀಗೆ ಒತ್ತಿ ಹಿಡಿದಿರಲಿಕ್ಕಿಲ್ಲ.

ಆಟಕ್ಕೆ ನಾನು ಮಾಡುವುದು: ಕ್ವಾಲಿಟಿ ರಾ ಪ್ಲಸ್ ಜೆಪೆಗ್, ರೆಕಾರ್ಡಿಂಗ್ ಮೋಡ್ ಸಾರ್ಟ್. ರಾ ಕೆಳಗಿನ ವೇಗದ ಕಾರ್ಡಿಗೆ, ಜೆಪೆಗ್ ಮೇಲಿನದ್ದಕ್ಕೆ. ಜೆಪೆಗ್ ಅಂದಾಜು 10 ಎಂಬಿ, ಅಜ್ಜಿಗೂ ಹೊರಲಿಕ್ಕಾಗುತ್ತದೆ. ಜೊತೆಗೆ ರಾ ಕಂಪ್ರೆಸ್ಡ್ ಮಾಡಿದರೆ ಫೈಲು ಅರ್ಧಕ್ಕೆ, 24 ಎಂಬಿಗೆ ಇಳಿಯುತ್ತದೆ. ಕಪ್ಪು ಆಕಾಶದ ಎದುರು ಕಿರೀಟದ ಮಣಿ ಹೊಳೆಯುವಲ್ಲಿ ಕತ್ತಲನ್ನು ತುಂಬ ಎಳೆದು ಬೆಳಗಿಸಿದರೆ ಅಂಚು ಸ್ವಲ್ಪ ಒಡೆದಂತೆ ಕಾಣಬಹುದು. ನಾನು ಗೋಡೆಗೆ ಹಾಕುವಷ್ಟು ದೊಡ್ಡ ಪ್ರಿಂಟು ತೆಗೆಸಿದ್ದೇನೆ, ಇವತ್ತಿನ ವರೆಗೆ ಯಾರೂ ಕೇಳಲಿಲ್ಲ.

ಉಪ್ಪಳದ ಮದುವೆ ಫೋಟೋದವ
ಮಾಷ್ಟ್ರೆ, ಆಟಕ್ಕೆ ಸರಿ. ಮದುವೆಗೆ ಮಾತ್ರ ಅದು ಬೇಡ. ನನಗೆ ಒಮ್ಮೆ ಮುಹೂರ್ತ ಆಗಿ ಊಟಕ್ಕೆ ಕೂರುವ ಹೊತ್ತಿಗೆ ಒಂದು ಕಾರ್ಡು ಕಣ್ಣು ಮುಚ್ಚಿತು. ಎರಡನೆಯದ್ದರಲ್ಲಿ ಎಲ್ಲ ಇತ್ತು, ಬಚಾವ್. ಧಾರೆ ಇನ್ನೊಮ್ಮೆ ಎರೆಯಿರಿ ಅಂತ ಹೇಳ್ಲಿಕ್ಕುಂಟಾ? ನಾನು ಎರಡರಲ್ಲೂ ರಾ ಇಡುವವ. ಅಲ್ಲಿ ನಾಲ್ಕು ಸೆಕೆಂಡು ಒತ್ತಿ ಹಿಡಿಯುವ ಕೆಲಸವೂ ಇಲ್ಲ. ಮತ್ತೆ, ಮನೆಗೆ ಹೋಗುವಾಗ ಒಂದು ಕಾರ್ಡು ಬ್ಯಾಗಿನಲ್ಲಿ, ಒಂದು ಕಿಸೆಯಲ್ಲಿ. ಬ್ಯಾಗ್ ಬಸ್ಸಿನಲ್ಲಿ ಬಿಟ್ರೆ ಎರಡೂ ಹೋಗ್ಬಾರ್ದು.

ನೀರ್ಚಾಲು ಮಾಷ್ಟ್ರು
ಒಪ್ಪಿದೆ. ಹಾಗೆ ಇಡುವುದಾದರೆ ಮೇಲಿನ ಸ್ಲಾಟಿಗೆ ಒಂದು ಒಳ್ಳೆಯ ಯುಎಚ್‌ಎಸ್-1 ಕಾರ್ಡು, ವಿ30 ಗುರುತಿನದ್ದು, ಸಾಕು. ಅಲ್ಲಿಗೆ ಇನ್ನೊಂದು ಯುಎಚ್‌ಎಸ್-2 ತರುವುದು ದಂಡ. ಕಾರ್ಡಿನ ಮೇಲೆ ದೊಡ್ಡದಾಗಿ 170 ಅಂತ ಬರೆದದ್ದು ಓದುವ ವೇಗ, ಬರೆಯುವುದು ಅದರ ಅರ್ಧಕ್ಕೂ ಇಳಿಯಬಹುದು. ವಿ30 ಅಂದರೆ ನಿರಂತರ ಬರೆಯುವಾಗ ಸೆಕೆಂಡಿಗೆ ಕಡಿಮೆಯೆಂದರೂ 30 ಎಂಬಿ. 80 ಎಂಬಿ ಬರೆಯುವ ಕಾರ್ಡು ಸಿಕ್ಕಿದರೆ ನಿಮ್ಮ 88 ಸೆಕೆಂಡು 24ಕ್ಕೆ ಇಳಿಯುತ್ತದೆ.

ಪೆರ್ಲದವ
ಮಾಷ್ಟ್ರೆ, ಹಳೆಯದ್ದರಲ್ಲಿ ನೀವು ಹೇಳಿದ ಹಾಗೇ ಸಿ ಒಳಗೆ 10, ಬೇರೆಂತ ಇಲ್ಲ. ಹೊಸ ಕಾರ್ಡಿಗೆ ಸುಮ್ಮನೆ ಬೈದೆ. ಸಾರ್ಟ್ ಮಾಡಿ, ರಾ ಕಂಪ್ರೆಸ್ಡ್ ಇಟ್ಟು ಪುನಃ ಅಡಿಕೆಗೆ ಹೊಡೆದೆ. 40 ತೆಗೆದು ಕೈ ಬಿಟ್ಟೆ, 20 ಸೆಕೆಂಡಿಗೆ ಲೈಟು ಆರಿತು. ಕೈ ಬಿಡದೆ ಹಿಡಿದ್ರೆ ಏಳು ಸೆಕೆಂಡಿನ ವರೆಗೆ ಕುಂಟುದಿಲ್ಲ. ನಿನ್ನೆ ರಾತ್ರಿ ಮುಳ್ಳೇರಿಯ ಕಡೆ ಇನ್ನೊಂದು ಆಟ ಇತ್ತು, ದೊಂದಿಯಿಂದ ರಂಗಸ್ಥಳದ ವರೆಗೆ ಒಂದೂ ತಪ್ಪಲಿಲ್ಲ.

ಆದ್ರೆ ಈಗ ಬೇರೆ ಫಜೀತಿ. ವೇಷಧಾರಿಯೊಬ್ಬರು ಜೆಪೆಗ್ ಕಳಿಸಿ ಅಂತ ಬೆಳಗ್ಗಿಂದ ಫೋನ್ ಮಾಡ್ತಾ ಇದ್ದಾರೆ. ಕ್ಯಾಮೆರಾದಲ್ಲಿ ನೋಡಿದ್ರೆ ಬರೀ ರಾ, ಜೆಪೆಗ್ ಒಂದೂ ಕಾಣುದಿಲ್ಲ. ಮೇಲಿನ ಕಾರ್ಡು ಖಾಲಿ ಅಂತ ಲೆಕ್ಕ. ಒಮ್ಮೆ ಫಾರ್ಮ್ಯಾಟ್ ಮಾಡಿ ನೋಡ್ಲಾ?

ಕುಂಬಳೆ ಚೆಂಡೆ
ಬೇಡ ಬೇಡ ಬೇಡ!! ಕೈ ತೆಗೀರಿ ಅದರಿಂದ. ಕ್ಯಾಮೆರಾ ಒಂದು ಸಲಕ್ಕೆ ಒಂದೇ ಸ್ಲಾಟಿನ ಫೋಟೋ ತೋರಿಸುದು. ಪ್ಲೇಬ್ಯಾಕ್ ಮೆನುವಿನಲ್ಲಿ ಯಾವ ಮೀಡಿಯಾ ತೋರಿಸ್ಬೇಕು ಅಂತ ಆರಿಸ್ಲಿಕ್ಕೆ ಉಂಟು, ಅದನ್ನು ಸ್ಲಾಟ್ 2 ಮಾಡಿ. ಫಾರ್ಮ್ಯಾಟಿಗೂ ಸ್ಲಾಟು ಬೇರೆ ಬೇರೆ ಆರಿಸ್ಬೇಕು, ಆಗ ಎರಡು ಸಲ ಓದಿ ಒತ್ತಿ.

ಪೆರ್ಲದವ
ಬಂತು. ಎಲ್ಲ ಉಂಟು, 412. ಕೈ ಇನ್ನೂ ನಡುಗ್ತಾ ಉಂಟು ಅಣ್ಣ.