ಮೂರು ಕೆಜಿ ಗೇಮಿಂಗ್ ಲ್ಯಾಪ್‌ಟಾಪ್ ಬದಲಿಗೆ ಹಗುರವಾದದ್ದು ಬೇಕು, ವೇಗ ಇಳಿಯಬಾರದು

ಹೆಗಲುಚೀಲ:
ನನ್ನ ಹತ್ತಿರ ಇರುವುದು 17.3 ಇಂಚಿನ ಗೇಮಿಂಗ್ ಲ್ಯಾಪ್‌ಟಾಪ್. ಎನ್‌ವಿಡಿಯಾದ ಆರ್‌ಟಿಎಕ್ಸ್ 3070 ಗ್ರಾಫಿಕ್ಸ್ ಚಿಪ್, 140 ವ್ಯಾಟ್‌ವರೆಗೂ ಹೋಗುತ್ತದೆ, ಸ್ಕ್ರೀನ್ 1080ಪಿ. ಕೆಲಸದಲ್ಲಿ ಒಂದು ಕುಂದು ಹೇಳುವ ಹಾಗಿಲ್ಲ. ಆದರೆ ಬರೀ ಮೆಷಿನ್ನೇ 2.9 ಕೆಜಿ, ಆ ದಪ್ಪ ಚಾರ್ಜರ್ ಸೇರಿದರೆ ನಾಲ್ಕರ ಹತ್ತಿರ. ಹಗಲು ಬ್ಲೆಂಡರ್ ಅನ್ನುವ 3ಡಿ ಸಾಫ್ಟ್‌ವೇರ್‌ನಲ್ಲಿ ಮಾಡೆಲಿಂಗ್, ರಾತ್ರಿ ಗೇಮು, ನಡುವೆ ಸದಾ ಓಡಾಟ. ಎಡ ಭುಜ ನೋಯಲು ಶುರುವಾಗಿ, ಫಿಸಿಯೊಥೆರಪಿಯವರು ಮೊದಲು ಚೀಲದ ಭಾರ ಇಳಿಸಿ ಅಂದಿದ್ದಾರೆ.

ಎರಡು ಕೆಜಿ ಒಳಗೆ, ಈಗಿನಷ್ಟೇ ಎಫ್‌ಪಿಎಸ್ (ಸೆಕೆಂಡಿಗೆ ಮೂಡುವ ಚಿತ್ರಗಳು) ಕೊಡುವಂಥದ್ದು ಇದೆಯೇ? ತೆಳ್ಳಗಿನ ಮೆಷಿನ್‌ಗಳ ಮೇಲೂ 4060, 4070 ಅಂತ ಬರೆದಿರುತ್ತಾರಲ್ಲ, ನಂಬಿ ತಗೊಳ್ಳಬಹುದಾ? ಗೇಮಿಂಗ್ ಬಿಟ್ಟುಬಿಡಿ ಅನ್ನುವ ಸಲಹೆ ಮಾತ್ರ ಬೇಡ. ದಿನದ ಕೊನೆಯ ಆ ಒಂದೆರಡು ಗಂಟೆ ನನಗೆ ಬೇಕೇ ಬೇಕು.

ವ್ಯಾಟ್‌ಲೆಕ್ಕ:
ಇದೆ. ಚಿಪ್‌ನ ಹೆಸರು ನೋಡಿ ಮಾತ್ರ ತಗೊಳ್ಳಬೇಡಿ, ಅದಕ್ಕೆ ಎಷ್ಟು ವ್ಯಾಟ್ ಬಿಟ್ಟಿದ್ದಾರೆ ಅನ್ನುವುದನ್ನು ನೋಡಿ. ಲ್ಯಾಪ್‌ಟಾಪ್ 4060ಕ್ಕೂ 4070ಕ್ಕೂ ಎನ್‌ವಿಡಿಯಾ ಕೊಟ್ಟಿರುವ ಮಿತಿ 35ರಿಂದ 115 ವ್ಯಾಟ್. ಇಷ್ಟು ಅಗಲದ ಅಂತರದಲ್ಲಿ ಹೆಸರಿಗೆ ಏನು ಬೆಲೆ? 45 ವ್ಯಾಟ್‌ಗೆ ಕಟ್ಟಿಹಾಕಿದ 4070ಗಿಂತ ಪೂರ್ತಿ ವ್ಯಾಟ್ ಸಿಗುವ 4060 ಚೆನ್ನಾಗಿ ಓಡುತ್ತದೆ. ತಯಾರಕರ ವಿವರಪಟ್ಟಿಯಲ್ಲಿ ಟಿಜಿಪಿ ಅಂತ ಹುಡುಕಿ, ಗ್ರಾಫಿಕ್ಸ್‌ಗೆ ಬಿಟ್ಟ ವ್ಯಾಟ್ ಅದೇ. ಬರೆದೇ ಇಲ್ಲದಿದ್ದರೆ ಆ ಮಾಡೆಲ್ ಬಿಟ್ಟು ಮುಂದೆ ಹೋಗಿ, ನಾನಂತೂ ಹಾಗೇ ಮಾಡುತ್ತೇನೆ.

ನಿಮ್ಮ 3070 ಸ್ಯಾಮ್‌ಸಂಗ್‌ನ 8 ನ್ಯಾನೋಮೀಟರ್ ಚಿಪ್. 40ರ ಸರಣಿ ಟಿಎಸ್‌ಎಂಸಿ ಕಂಪನಿಯ ಇನ್ನೂ ಸೂಕ್ಷ್ಮವಾದ 4ಎನ್ ತಯಾರಿಕಾ ವಿಧಾನಕ್ಕೆ ಬಂತು. 4070ರಲ್ಲಿ ಕೋರ್‌ಗಳು (ಲೆಕ್ಕ ಮಾಡುವ ಘಟಕಗಳು) 5120ರಿಂದ 4608ಕ್ಕೆ ಇಳಿದಿವೆ, ಆದರೆ ಕಡಿಮೆ ವೋಲ್ಟೇಜ್‌ನಲ್ಲೇ ಹೆಚ್ಚು ಕ್ಲಾಕ್ ವೇಗ ಹಿಡಿಯುತ್ತವೆ. ವಿದ್ಯುತ್ ಖರ್ಚು ವೋಲ್ಟೇಜ್‌ನ ವರ್ಗಕ್ಕೆ ತಕ್ಕಂತೆ ಏರುವುದರಿಂದ, ಕೊನೆಯ ಒಂದಿಷ್ಟು ವೇಗಕ್ಕೇ ಬೇಕಾದಷ್ಟು ವ್ಯಾಟ್ ಸುರಿಯಬೇಕಾಗುತ್ತದೆ. ಅದನ್ನು ಬಿಟ್ಟುಕೊಟ್ಟರೆ ಶಾಖ ಹೊರಹಾಕುವ ಹೀಟ್‌ಸಿಂಕ್ ಚಿಕ್ಕದಾಗುತ್ತದೆ, ಚಾರ್ಜರ್ ಚಿಕ್ಕದಾಗುತ್ತದೆ, ತೂಕ ಇಳಿಯುತ್ತದೆ. 90 ವ್ಯಾಟ್‌ನ 4070 ನಿಮ್ಮ ಈಗಿನ ಮೆಷಿನ್‌ಗೆ ಹೆಚ್ಚುಕಡಿಮೆ ಸರಿಸಮ.

ಉದಾಹರಣೆಗೆ 2024ರ ಆಸುಸ್ ಜೆಫೈರಸ್ ಜಿ14: 1.5 ಕೆಜಿ, ಗ್ರಾಫಿಕ್ಸ್‌ಗೆ 90 ವ್ಯಾಟ್. ರೇಜರ್ ಬ್ಲೇಡ್ 14 ಸ್ವಲ್ಪ ಭಾರ, 1.84 ಕೆಜಿ, ಆದರೆ ಪ್ರೊಸೆಸರ್‌ನ ಪಾಲಿನಿಂದ ಆಗಾಗ ಸಿಗುವ 25 ವ್ಯಾಟ್ ಸೇರಿ 140 ವ್ಯಾಟ್‌ವರೆಗೂ ಎಳೆಯುತ್ತದೆ.

ಒಂದು ಕಡೆ ಮಾತ್ರ ಎಚ್ಚರ ಬೇಕು. ಮೆಮೊರಿ ಬಸ್, ಅಂದರೆ ಚಿಪ್‌ಗೂ ಮೆಮೊರಿಗೂ ನಡುವಿನ ದಾರಿ, 256 ಬಿಟ್‌ನಿಂದ 128ಕ್ಕೆ ಇಳಿದಿದೆ. ಆ ಕೊರತೆ ತುಂಬಲು ಚಿಪ್ ಒಳಗಿನ ವೇಗದ ಮೆಮೊರಿ, ಎಲ್2 ಕ್ಯಾಶ್, 4 ಎಂಬಿಯಿಂದ 32ಕ್ಕೆ ಏರಿಸಿದ್ದಾರೆ. 1080ಪಿಯಲ್ಲಿ ಅದು ಸಾಕಾಗುತ್ತದೆ, ರೆಸಲ್ಯೂಷನ್ ಏರಿದ ಹಾಗೆ ಕೊರತೆ ಕಾಣುತ್ತದೆ. ಜಿ14ರ ಸ್ಕ್ರೀನ್ 2880×1800. ಅಂದರೆ ನಿಮ್ಮ ಈಗಿನ ಸ್ಕ್ರೀನಿನ ಎರಡೂವರೆ ಪಟ್ಟು ಪಿಕ್ಸೆಲ್! ಅದೇ ಸೆಟ್ಟಿಂಗ್‌ನಲ್ಲಿ ಆಡಿದರೆ ಹೊಸದು ನಿಧಾನ ಅನ್ನಿಸುವುದು ಖಂಡಿತ. ಡಿಎಲ್‌ಎಸ್‌ಎಸ್ ಹಾಕಿ ಆಡಿ, ಅದು ಗೇಮನ್ನು ಕಡಿಮೆ ರೆಸಲ್ಯೂಷನ್‌ನಲ್ಲಿ ಚಿತ್ರಿಸಿ ಎಐನಿಂದ ಹಿಗ್ಗಿಸುತ್ತದೆ. ರೆಸಲ್ಯೂಷನ್ನೇ ಇಳಿಸಿದರೆ ಅಕ್ಷರಗಳೂ ಮಸುಕಾಗುತ್ತವೆ, ಡಿಎಲ್‌ಎಸ್‌ಎಸ್‌ನಲ್ಲಿ ಮೆನು, ಅಕ್ಷರ ಎಲ್ಲ ಚೂಪಾಗಿಯೇ ಉಳಿಯುತ್ತವೆ.

ಮನೆಸರ್ವರ್:
ಹೊಸದು ಏಕೆ ಕೊಳ್ಳಬೇಕು? ಹಳೆಯದನ್ನು ಮನೆಯಲ್ಲೇ ಇಟ್ಟು, ಗೇಮಿನ ಚಿತ್ರವನ್ನು ನೆಟ್‌ವರ್ಕ್ ಮೇಲೆ ಕಳಿಸುವ ಸನ್‌ಶೈನ್ ಹಾಕಿ, ಹೊರಗಿಂದ ಯಾವುದಾದರೂ ಒಂದು ಕೆಜಿ ಲ್ಯಾಪ್‌ಟಾಪ್‌ನಲ್ಲಿ ಅದನ್ನು ತೋರಿಸುವ ಮೂನ್‌ಲೈಟ್ ತೆರೆದು ಆಡಿ. ಎರಡೂ ಉಚಿತ, ಓಪನ್ ಸೋರ್ಸ್. ನಾನು ಹಾಗೇ ಆಡುವುದು, ಚಿತ್ರ ಬಹಳ ಚೆನ್ನಾಗಿ ಬರುತ್ತದೆ.

ಹೆಗಲುಚೀಲ:
ಒಳ್ಳೆಯ ಉಪಾಯ, ಆದರೆ ನಾನು ಉಳಿಯುವ ಕಡೆಯೆಲ್ಲ ನೆಟ್‌ವರ್ಕ್ ಇರುವುದೇ ಅಷ್ಟಕ್ಕಷ್ಟೆ. ಬ್ಲೆಂಡರ್ ಅಂತೂ ಕೈಯಲ್ಲಿರುವ ಮೆಷಿನ್‌ನಲ್ಲೇ ಓಡಬೇಕು. ವ್ಯಾಟ್ ವಿಚಾರ ನನಗೆ ಯಾರೂ ಇಷ್ಟು ಬಿಡಿಸಿ ಹೇಳಿರಲಿಲ್ಲ, ತುಂಬಾ ಧನ್ಯವಾದ. 14 ಇಂಚಿನ ಮೆಷಿನ್‌ಗಳು ವಿಪರೀತ ಬಿಸಿಯಾಗುತ್ತವೆ ಅಂತ ಕೇಳಿದ್ದೇನೆ, ನಿಜವೇ?

ತಣ್ಣಗಿರಿ:
ನಿಜ. 14 ಇಂಚಿನದನ್ನೇ ದಿನವೂ ಬಳಸುವವಳು ನಾನು. ಆಡುವಾಗ ಕೀಬೋರ್ಡ್‌ನ ಮೇಲಿನ ಸಾಲು ಬಿಸಿಯಾಗುತ್ತದೆ, ಫ್ಯಾನ್ ಸದ್ದು ಹೆಡ್‌ಫೋನ್ ಹಾಕುವಷ್ಟು ಇರುತ್ತದೆ. ಇದಕ್ಕೆ ನನ್ನ ಮದ್ದು ಎಫ್‌ಪಿಎಸ್‌ಗೆ ಮಿತಿ ಹಾಕುವುದು. 120ರ ಬದಲು 80ಕ್ಕೆ ನಿಲ್ಲಿಸಿದರೆ ಕಥೆ ಆಧಾರಿತ ಗೇಮ್‌ಗಳಲ್ಲಿ ಕಣ್ಣಿಗೆ ಏನೂ ಕಡಿಮೆ ಅನ್ನಿಸುವುದಿಲ್ಲ, ಫ್ಯಾನ್ ಮಾತ್ರ ತಟ್ಟನೆ ತಣಿಯುತ್ತದೆ. ಪೈಪೋಟಿಯ ಶೂಟರ್ ಆಡುವವರಿಗೆ ಇದು ಒಪ್ಪದು.

ನಿಮಗೆ ಬ್ಲೆಂಡರ್ ಇರುವುದರಿಂದ ಇನ್ನೊಂದು ಮಾತು. ಜಿ14ರಲ್ಲಿ ರ‍್ಯಾಮ್ ಬೋರ್ಡಿಗೇ ಬೆಸೆದಿರುತ್ತದೆ, ಆಮೇಲೆ ಹೆಚ್ಚಿಸಲು ಆಗದು. 16 ಜಿಬಿ ತಗೊಳ್ಳಬೇಡಿ, 32ಕ್ಕೇ ಹೋಗಿ. 2024ರ ಬ್ಲೇಡ್ 14ರಲ್ಲಿ ಬದಲಿಸಬಹುದು. ವಿಡಿಯೊ ಮೆಮೊರಿ 4070ರಲ್ಲೂ 8 ಜಿಬಿಯೇ, ನಿಮ್ಮ 3070ರಷ್ಟೇ. ಈಗ ದೊಡ್ಡ ಸೀನ್‌ಗಳು ಮೆಮೊರಿ ಸಾಲದೆ ನಿಲ್ಲುತ್ತಿದ್ದರೆ ಹೊಸದರಲ್ಲೂ ನಿಲ್ಲುತ್ತವೆ. ಅದು ಮುಖ್ಯವಾದರೆ 12 ಜಿಬಿ ಇರುವ 5070 ಟಿಐ ನೋಡಿ. 5070 ಅಲ್ಲ, ಅದರಲ್ಲೂ 8 ಜಿಬಿಯೇ.

ತೂಕ ಹೋಲಿಸುವಾಗ ಚಾರ್ಜರ್ ಸೇರಿಸಿಯೇ ಹೋಲಿಸಿ. ಮಾಡೆಲಿಂಗ್ ಮಾತ್ರ ಇರುವ ದಿನ ನಾನು 100 ವ್ಯಾಟ್‌ನ ಟೈಪ್-ಸಿ ಚಾರ್ಜರ್ ಒಂದನ್ನೇ ಒಯ್ಯುತ್ತೇನೆ, ಫೋನಿಗೂ ಅದೇ. ಗೇಮ್ ಆಡುವಾಗ ಅದು ಸಾಲದು, ಪ್ಲಗ್‌ನಲ್ಲಿದ್ದರೂ ಬ್ಯಾಟರಿ ಇಳಿಯುತ್ತಾ ಹೋಗುತ್ತದೆ.

ಹೆಗಲುಚೀಲ:
ನನ್ನ ಸೀನ್‌ಗಳು 6 ಜಿಬಿ ದಾಟುವುದಿಲ್ಲ, ಹಾಗಾಗಿ 4070 ಸಾಕು. ಸಹೋದ್ಯೋಗಿಯೊಬ್ಬರ ಬಳಿ ಜಿ14 ಇದೆ, ಒಂದು ಸಂಜೆ ಕೊಡುತ್ತೇನೆ ಅಂದಿದ್ದಾರೆ. ಏನೇನು ನೋಡಿಕೊಳ್ಳಲಿ?

ವ್ಯಾಟ್‌ಲೆಕ್ಕ:
ನೀವು ಆಡುವ ಗೇಮನ್ನೇ ಅರ್ಧ ಗಂಟೆ ಬಿಡದೆ ಓಡಿಸಿ. ಮೊದಲ ಐದು ನಿಮಿಷದ ಅಂಕಿ ಲೆಕ್ಕಕ್ಕಿಲ್ಲ, ಹೀಟ್‌ಸಿಂಕ್ ಆಗಿನ್ನೂ ತಣ್ಣಗಿರುತ್ತದೆ. ಕೊನೆಯ ಹತ್ತು ನಿಮಿಷದಲ್ಲಿ ಗ್ರಾಫಿಕ್ಸ್ ಎಷ್ಟು ವ್ಯಾಟ್‌ನಲ್ಲಿ ನಿಂತಿದೆ ಬರೆದುಕೊಳ್ಳಿ. ಟರ್ಬೊದಲ್ಲಿ ಒಮ್ಮೆ, ಸೈಲೆಂಟ್‌ನಲ್ಲಿ ಒಮ್ಮೆ. ಸೈಲೆಂಟ್ ಮೋಡ್‌ನಲ್ಲೇ ನಿಮಗೆ ತೃಪ್ತಿಯಾದರೆ ಕಣ್ಣುಮುಚ್ಚಿ ತಗೊಳ್ಳಿ. ಹಾಗೆಯೇ ನಿಮ್ಮ ದೊಡ್ಡ ಸೀನ್ ಒಂದನ್ನು ಆಪ್ಟಿಕ್ಸ್‌ನಲ್ಲಿ (ಬ್ಲೆಂಡರ್‌ನಲ್ಲಿರುವ ಎನ್‌ವಿಡಿಯಾ ರೆಂಡರ್ ಆಯ್ಕೆ) ರೆಂಡರ್ ಮಾಡಿ, ಎರಡೂ ಮೆಷಿನ್‌ಗಳ ಸಮಯ ಇಲ್ಲಿ ಹಾಕಿ. ಇದೇ ಗೊಂದಲದಲ್ಲಿರುವ ಬೇರೆಯವರಿಗೂ ನೆರವಾಗುತ್ತದೆ.